ಪರಮಾಣುವಿನ ಅಂತರಂಗವನ್ನು ಅರಿತ ಬಗೆ

ಪ್ರೌಢಶಾಲೆಯ ಭೌತಶಾಸ್ತ್ರದ ಪುಸ್ತಕದಲ್ಲಿ ಪರಮಾಣುವಿನ ಚಿತ್ರವೊಂದು ಇದ್ದೇ ಇರುವುದು. ನಡುವೆ ಒಂದು ಚುಕ್ಕೆ, ಅದರ ಸುತ್ತಲೂ ಎರಡು ಮೂರು ವೃತ್ತಗಳು, ವೃತ್ತಗಳ ಮೇಲೆ ಎಲೆಕ್ಟ್ರಾನುಗಳೆಂದು ಹೆಸರು ಬರೆದ ಬಿಂದುಗಳು. ಕೆಲವು ಪುಟಗಳಾಚೆ ವಿಕಿರಣಶೀಲತೆ ಎಂಬ ಅಧ್ಯಾಯ. ಅಲ್ಲಿ ಆಲ್ಫಾ, ಬೀಟಾ, ಗಾಮಾ ಎಂಬ ಮೂರು ಕಿರಣಗಳ ಹೆಸರು, ಅವುಗಳ ಗುಣಗಳ ಪಟ್ಟಿ. ವಿದ್ಯಾರ್ಥಿಯು ಎರಡನ್ನೂ ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸಿ ಬರುತ್ತಾನೆ. ಆದರೆ ಕಣ್ಣಿಗೆ ಬೀಳದ ವಸ್ತುವಿನ ಚಿತ್ರವನ್ನು ಬರೆಯಲು ಪಂಡಿತರಿಗೆ ಯಾವ ಆಧಾರ ದೊರೆಯಿತು, ಆ ಎರಡು ಅಧ್ಯಾಯಗಳಿಗೆ ಪರಸ್ಪರ ಸಂಬಂಧವೇನು ಎಂಬ ಪ್ರಶ್ನೆ ಏಳುವುದು ಅಪರೂಪ. ಪರಮಾಣುವಿನ ರಚನೆಯನ್ನು ಮೊದಲು ತಿಳಿದು ಅನಂತರ ವಿಕಿರಣಶೀಲತೆಯನ್ನು ವಿವರಿಸಿದರೆಂದು ಪುಸ್ತಕದ ಕ್ರಮದಿಂದ ತೋರುವುದು; ನಡೆದುದು ಇದಕ್ಕೆ ವಿರುದ್ಧವಾಗಿ. ಕೆಲವು ಜಾತಿಯ ಪರಮಾಣುಗಳು ತಾವಾಗಿಯೇ ಒಡೆದು ಹೊರಗೆಸೆದ ಚೂರುಗಳನ್ನು ಹಿಡಿದುಕೊಂಡು ಮನುಷ್ಯನು ಎಲ್ಲ ಪರಮಾಣುಗಳ ಒಳಗನ್ನೂ ಅರಿತುಕೊಂಡನು. ಆ ವೃತ್ತಾಂತವನ್ನು ಶ್ರೋತೃಗಳ ಮುಂದೆ ಸಂಗ್ರಹವಾಗಿ ಇಡುವುದು ಈ ಭಾಷಣದ ಉದ್ದೇಶ.

ಪರಮಾಣು ಎಂಬ ಮಾತು ನಮಗೆ ಹೊಸದಲ್ಲ. ವೈಶೇಷಿಕ ದರ್ಶನದ ಪ್ರವರ್ತಕನೆಂದು ಪ್ರಸಿದ್ಧನಾದ ಕಣಾದನ ಹೆಸರಿನೊಡನೆ ಈ ವಾದವು ಬೆಸೆದುಕೊಂಡಿದೆ. ಗವಾಕ್ಷಿಯಿಂದ ಬೀಳುವ ಬಿಸಿಲಿನಲ್ಲಿ ತೇಲಾಡುವ ಧೂಳಿನ ಕಣವನ್ನು ತ್ರ್ಯಣುಕವೆಂದು ಕರೆದು, ಅದರ ಆರನೆಯ ಒಂದು ಭಾಗವೇ ಪರಮಾಣುವೆಂದು ಆ ಸಂಪ್ರದಾಯದವರು ಎಣಿಸಿದರು. ಗ್ರೀಸಿನಲ್ಲಿ ಡೆಮಾಕ್ರಿಟಸನೂ ಇಂಥದೇ ಮತವನ್ನು ಹಿಡಿದಿದ್ದನು. ಈ ತರ್ಕಗಳು ಗೌರವಕ್ಕೆ ಅರ್ಹವಾದುವು. ಆದರೆ ಆಧುನಿಕ ವಿಜ್ಞಾನದ ಪರಮಾಣು ಇವುಗಳಿಂದ ಹುಟ್ಟಿದುದಲ್ಲ, ತಕ್ಕಡಿಯಿಂದ ಹುಟ್ಟಿದುದು. ಮೂಲವಸ್ತುಗಳು ಒಂದರೊಡನೊಂದು ಸೇರುವಾಗ ನಿಯತವಾದ ತೂಕಗಳಲ್ಲಿಯೇ ಸೇರುವುದನ್ನು ಕಂಡು, ೧೮೦೮ರಲ್ಲಿ ಇಂಗ್ಲೆಂಡಿನ ಜಾನ್ ಡಾಲ್ಟನನು ಪ್ರತಿಯೊಂದು ಮೂಲವಸ್ತುವಿಗೂ ತನ್ನದೇ ತೂಕದ ಪರಮಾಣು ಉಂಟೆಂದು ಪ್ರತಿಪಾದಿಸಿದನು. ೧೮೬೯ರಲ್ಲಿ ರಷ್ಯದ ಮೆಂಡಲೀಫನು ಮೂಲವಸ್ತುಗಳನ್ನು ತೂಕದ ಕ್ರಮದಲ್ಲಿ ಸಾಲಾಗಿಟ್ಟು, ಗುಣಗಳು ಮತ್ತೆ ಮತ್ತೆ ಮರಳಿ ಬರುವುದನ್ನು ತೋರಿಸಿದನು. ಇಷ್ಟಾದರೂ ಪರಮಾಣುವಿಗೆ ಒಳಗು ಎಂಬುದೊಂದು ಇರಬಹುದೆಂದು ನಂಬಿದವರು ಕೆಲವರೇ. ಪರಮಾಣು ಎಂಬುದೇ ಲೆಕ್ಕದ ಅನುಕೂಲಕ್ಕಾಗಿ ಮಾಡಿಕೊಂಡ ಕಲ್ಪನೆಯೆಂದು ವಾದಿಸುತ್ತಿದ್ದ ಓಸ್ಟ್ವಾಲ್ಡನಂತಹ ದೊಡ್ಡ ರಸಾಯನ ಪಂಡಿತರೂ ಆ ಶತಮಾನದ ಕೊನೆಯವರೆಗೆ ಇದ್ದರು.

ಈ ಸ್ಥಿತಿಯು ಮೂರು ವರ್ಷಗಳಲ್ಲಿ ಬದಲಾಯಿಸಿತು. ೧೮೯೫ರ ನವೆಂಬರಿನಲ್ಲಿ ಜರ್ಮನಿಯ ವೂರ್ಟ್ಸ್‌ಬುರ್ಗಿನಲ್ಲಿ ರಾಂಟ್ಗೆನ್ ಪಂಡಿತನು ಕ್ಷ-ಕಿರಣಗಳನ್ನು ಕಂಡನು. ಗಾಜಿನ ನಳಿಗೆಯಲ್ಲಿ ಹೊಳಪು ಕಾಣಿಸಿದ ಎಡೆಯಿಂದಲೇ ಅವು ಹೊರಡುತ್ತಿದ್ದುದರಿಂದ, ಬಿಸಿಲನ್ನು ಕುಡಿದು ಹೊಳೆಯುವ ಲವಣಗಳಿಂದಲೂ ಅಂಥ ಕಿರಣಗಳು ಬರಬಹುದೇ ಎಂದು ಪ್ಯಾರಿಸ್ಸಿನ ಆನ್ರಿ ಬೆಕ್ವೆರೆಲನು ಯೋಚಿಸಿದನು. ಫೋಟೋ ಫಲಕವನ್ನು ಕಪ್ಪು ಕಾಗದದಲ್ಲಿ ಸುತ್ತಿ, ಮೇಲೆ ಯುರೇನಿಯಂ ಲವಣವನ್ನಿಟ್ಟು ಬಿಸಿಲಿಗೆ ಒಡ್ಡಿದನು. ಫಲಕದ ಮೇಲೆ ಗುರುತು ಮೂಡಿತು. ತನ್ನ ಊಹೆ ಸರಿಯೆಂದೇ ಅವನಿಗೆ ತೋರಿತು. ೧೮೯೬ರ ಫೆಬ್ರುವರಿಯ ಕೊನೆಯಲ್ಲಿ ಪ್ಯಾರಿಸ್ಸಿಗೆ ಮೋಡ ಕವಿಯಿತು. ಸಿದ್ಧಮಾಡಿದ್ದ ಫಲಕಗಳನ್ನು ಅವನು ಲವಣದೊಡನೆ ಮೇಜಿನ ಖಾನೆಯಲ್ಲಿರಿಸಿ, ಮಾರ್ಚಿ ೧ರಂದು ತೆಗೆದು ತೊಳೆದು ನೋಡಿದನು. ಗುರುತು ತೀರ ಮಸುಕಾಗಿರಬೇಕೆಂದು ಎಣಿಸಿದ್ದ ಅವನಿಗೆ ಅದು ಗಾಢವಾಗಿ ಮೂಡಿರುವುದು ಕಾಣಿಸಿತು. ಬಿಸಿಲಿನ ಹಂಗಿಲ್ಲದೆ, ಕತ್ತಲೆಯಲ್ಲಿ, ತಾನಾಗಿಯೇ ಯುರೇನಿಯಂ ಏನನ್ನೋ ಹೊರಸೂಸುತ್ತಿದ್ದಿತು. ಹೊಳೆಯದ ಯುರೇನಿಯಂ ಲವಣಗಳೂ, ಲೋಹರೂಪದ ಯುರೇನಿಯಂ ಸಹ, ಹೀಗೆಯೇ ವರ್ತಿಸಿದುವು. ಊಹೆ ಸುಳ್ಳಾಯಿತು, ಆದರೆ ಸುಳ್ಳಾದ ಊಹೆಯ ಜಾಗದಲ್ಲಿ ಯಾರೂ ನಿರೀಕ್ಷಿಸದಿದ್ದ ಸತ್ಯವೊಂದು ದೊರೆಯಿತು.

ಇದರ ಅರ್ಥವನ್ನು ಬಿಡಿಸಿದವಳು ಪೋಲೆಂಡಿನಿಂದ ಬಂದು ಪ್ಯಾರಿಸ್ಸಿನಲ್ಲಿ ಓದುತ್ತಿದ್ದ ಮೇರಿ ಕ್ಯೂರಿ. ಈ ಕಿರಣಗಳು ಗಾಳಿಯನ್ನು ವಿದ್ಯುದ್ವಾಹಕವನ್ನಾಗಿ ಮಾಡುತ್ತಿದ್ದುವು. ಆಕೆಯ ಪತಿ ಪಿಯರ್ ಕ್ಯೂರಿಯೂ ಅವನ ಅಣ್ಣನೂ ನಿರ್ಮಿಸಿದ್ದ ಸೂಕ್ಷ್ಮವಾದ ಉಪಕರಣದಿಂದ ಆ ವಿದ್ಯುತ್ತನ್ನು ಅಳೆದರೆ ಕಿರಣಗಳ ಬಲವನ್ನು ಅಂಕೆಯಲ್ಲಿ ಹೇಳಬಹುದಾಗಿದ್ದಿತು. ಹೀಗೆ ಅಳೆದಾಗ ಒಂದು ಸರಳವಾದ ಸಂಗತಿ ಗೋಚರವಾಯಿತು. ಯುರೇನಿಯಂ ಯಾವ ಸಂಯುಕ್ತದಲ್ಲಿರಲಿ, ಒಣಗಿರಲಿ, ಒದ್ದೆಯಾಗಿರಲಿ, ಬಿಸಿಯಾಗಿರಲಿ, ತಣ್ಣಗಿರಲಿ, ಕಿರಣಗಳ ಬಲವು ಅದರಲ್ಲಿರುವ ಯುರೇನಿಯಮ್ಮಿನ ಪ್ರಮಾಣವೊಂದನ್ನೇ ಅವಲಂಬಿಸಿದ್ದಿತು. ಹಾಗಾದರೆ ಇದು ರಾಸಾಯನಿಕ ಕ್ರಿಯೆಯಲ್ಲ. ಪರಮಾಣುವಿನ ಸ್ವಂತ ಗುಣ. ಪರಮಾಣುವಿನ ಒಳಗನ್ನು ತೆರೆಯುವ ಕೀಲಿಕೈ ಈ ತೀರ್ಮಾನವೇ ಎಂದು ನಾವು ತಿಳಿಯುತ್ತೇವೆ. ೧೮೯೮ರಲ್ಲಿ ಈ ಗುಣಕ್ಕೆ ವಿಕಿರಣಶೀಲತೆ ಎಂಬರ್ಥದ ಹೆಸರನ್ನು ಕೊಟ್ಟವರೂ ಕ್ಯೂರಿ ದಂಪತಿಗಳೇ.

ಅದೇ ಅಳತೆಯಿಂದ ಇನ್ನೊಂದು ವಿಚಿತ್ರವೂ ಹೊರಬಿದ್ದಿತು. ಚಾಲ್ಕೊಲೈಟ್ ಎಂಬ ಯುರೇನಿಯಂ ಖನಿಜವು ಅದರ ಯುರೇನಿಯಮ್ಮಿಗೆ ಸಲ್ಲಬೇಕಾದುದಕ್ಕಿಂತ ಹೆಚ್ಚು ಬಲವಾಗಿ ಕಿರಣಗಳನ್ನು ಸೂಸುತ್ತಿದ್ದಿತು. ಮೇರಿ ಕ್ಯೂರಿಯು ಶುದ್ಧ ವಸ್ತುಗಳಿಂದ ಅದೇ ಖನಿಜವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ ನೋಡಿದಳು. ಕೃತಕ ಖನಿಜದ ಬಲವು ಲೆಕ್ಕಕ್ಕೆ ಸರಿಯಾಗಿ ಕಡಮೆಯೇ ಇದ್ದಿತು. ಎಂದಮೇಲೆ ನೆಲದಿಂದ ತೆಗೆದುದರಲ್ಲಿ ಬೇರೆ ಏನೋ ಅಡಗಿರಬೇಕು. ಅದಿರುಗಳಲ್ಲಿ ಹೀಗೆ ಹುಡುಕುತ್ತ ೧೮೯೮ರ ಜುಲೈಯಲ್ಲಿ ಪೊಲೋನಿಯಮ್ಮನ್ನೂ ಡಿಸೆಂಬರಿನಲ್ಲಿ ರೇಡಿಯಮ್ಮನ್ನೂ ದಂಪತಿಗಳು ಪ್ರಕಟಿಸಿದರು. ಬೊಹೀಮಿಯದ ಯೋಆಕಿಮ್‌ಸ್ಟಾಲ್ ಗಣಿಯವರು ಯುರೇನಿಯಮ್ಮನ್ನು ತೆಗೆದುಕೊಂಡು ಬಿಸುಟಿದ್ದ ಪಿಚ್‌ಬ್ಲೆಂಡ್ ಅದಿರಿನ ಗಸಿಯನ್ನು ಟನ್ನುಗಟ್ಟಲೆ ತರಿಸಿ, ಸೋರುವ ಮಾಡಿನ ಕೊಟ್ಟಿಗೆಯೊಂದರಲ್ಲಿ ಕುದಿಸಿ, ಸೋಸಿ, ಹರಳುಗಟ್ಟಿಸಿ, ೧೯೦೨ರ ವೇಳೆಗೆ ಒಂದು ಗ್ರಾಮಿನ ಹತ್ತನೆಯ ಒಂದು ಭಾಗದಷ್ಟು ರೇಡಿಯಂ ಕ್ಲೋರೈಡನ್ನು ಬೇರ್ಪಡಿಸಿದರು. ಮರುವರ್ಷ ಪಿಯರ್ ಕ್ಯೂರಿಯೂ ಲಬೋರ್ಡನೂ ಸೇರಿ ಅಳೆದಾಗ, ರೇಡಿಯಮ್ಮು ಒಂದು ಗಂಟೆಯಲ್ಲಿ ತನ್ನ ತೂಕಕ್ಕಿಂತ ಹೆಚ್ಚು ಮಂಜುಗಡ್ಡೆಯನ್ನು ಕರಗಿಸುವಷ್ಟು ಶಾಖವನ್ನು ಕೊಡುವುದೆಂದೂ ಹಾಗೆ ಎಡೆಬಿಡದೆ ಕೊಡುತ್ತಲೇ ಇರುವುದೆಂದೂ ತಿಳಿಯಿತು. ಈ ಶಕ್ತಿಯು ಎಲ್ಲಿಂದ ಬರುವುದೆಂಬ ಪ್ರಶ್ನೆ ಎಲ್ಲರನ್ನೂ ಕಾಡಿತು.

ಉತ್ತರವನ್ನು ಕೊಟ್ಟವನು ನ್ಯೂಜಿಲೆಂಡಿನ ಬೇಸಾಯಗಾರರ ಮನೆತನದಲ್ಲಿ ಬೆಳೆದ ಅರ್ನೆಸ್ಟ್ ರುದರ್‌ಫರ್ಡ್. ಯುರೇನಿಯಮ್ಮಿನ ಕಿರಣಗಳು ಒಂದೇ ಬಗೆಯವಲ್ಲವೆಂದು ಅವನು ೧೮೯೯ರಲ್ಲಿ ತೋರಿಸಿದನು. ಒಂದು ಹಾಳೆ ಕಾಗದಕ್ಕೆ ತಡೆದು ನಿಲ್ಲುವುದನ್ನು ಆಲ್ಫಾ ಎಂದೂ, ಕಾಗದವನ್ನು ದಾಟಿ ಅಲ್ಯೂಮಿನಿಯಂ ತಗಡಿಗೆ ನಿಲ್ಲುವುದನ್ನು ಬೀಟಾ ಎಂದೂ ಹೆಸರಿಸಿದನು. ಮರುವರ್ಷ ಫ್ರಾನ್ಸಿನ ವಿಲ್ಲಾರನು ಇನ್ನೂ ಆಳಕ್ಕೆ ತೂರುವ ಮೂರನೆಯ ಬಗೆಯನ್ನು ಕಂಡನು. ಅದಕ್ಕೆ ಗಾಮಾ ಎಂದು ಹೆಸರಾಯಿತು. ಬೀಟಾ ಕಿರಣವೆಂದರೆ ೧೮೯೭ರಲ್ಲಿ ಕೇಂಬ್ರಿಜ್ಜಿನ ಜೆ. ಜೆ. ಥಾಮ್ಸನನು ಕಂಡುಹಿಡಿದಿದ್ದ ಎಲೆಕ್ಟ್ರಾನುಗಳ ಹರಿವು. ಜಲಜನಕದ ಪರಮಾಣುವಿನ ತೂಕದಲ್ಲಿ ಸುಮಾರು ೧,೮೪೦ನೆಯ ಒಂದು ಭಾಗ ತೂಗುವ ಋಣವಿದ್ಯುತ್ಕಣ. ಗಾಮಾ ಎಂಬುದು ಬೆಳಕಿನ ಜಾತಿಯದು. ಆಲ್ಫಾ ಎಂಬುದು ಧನವಿದ್ಯುತ್ತನ್ನು ಹೊತ್ತ ಭಾರವಾದ ಕಣ. ಅದನ್ನು ತೆಳುಗಾಜಿನ ನಳಿಗೆಯ ಮೂಲಕ ಹೊರಬಿಟ್ಟು ಹಿಡಿದಿಟ್ಟು, ಅದು ಹೀಲಿಯಂ ಪರಮಾಣುವೇ ಎಂದು ರುದರ್‌ಫರ್ಡನೂ ರಾಯ್ಡ್ಸನೂ ೧೯೦೮-೦೯ರಲ್ಲಿ ವರ್ಣಪಟಲದ ಸಾಕ್ಷ್ಯದಿಂದ ಸ್ಥಾಪಿಸಿದರು.

ಅದಕ್ಕೂ ಮೊದಲೇ, ಕೆನಡದ ಮಾಂಟ್ರಿಯಲಿನಲ್ಲಿದ್ದಾಗ, ಅವನು ಇನ್ನೂ ದೊಡ್ಡ ವಿಷಯವನ್ನು ಹೊರಗೆಡಹಿದ್ದನು. ಥೋರಿಯಂ ಎಂಬ ಮೂಲವಸ್ತುವಿನಿಂದ ಒಂದು ಅನಿಲವು ಹೊರಡುತ್ತಿದ್ದಿತು; ಆ ಅನಿಲದ ಬಲವು ಸುಮಾರು ಒಂದು ನಿಮಿಷಕ್ಕೆ ಅರ್ಧವಾಗಿ, ಇನ್ನೊಂದು ನಿಮಿಷಕ್ಕೆ ಉಳಿದುದರ ಅರ್ಧವಾಗಿ ಇಳಿಯುತ್ತಿದ್ದಿತು. ತರುಣ ರಸಾಯನಜ್ಞನಾದ ಫ್ರೆಡರಿಕ್ ಸಾಡಿಯು ಪರೀಕ್ಷಿಸಲಾಗಿ ಆ ಅನಿಲವು ಥೋರಿಯಂ ಅಲ್ಲವೆಂದೂ ಯಾವುದರೊಡನೆಯೂ ಸೇರದ ಬೇರೆಯೇ ಒಂದು ಮೂಲವಸ್ತುವೆಂದೂ ಗೊತ್ತಾಯಿತು. ೧೯೦೨-೦೩ರಲ್ಲಿ ಇಬ್ಬರೂ ತಮ್ಮ ಸಿದ್ಧಾಂತವನ್ನು ಪ್ರಕಟಿಸಿದರು. ವಿಕಿರಣಶೀಲ ಪರಮಾಣುವು ತನ್ನ ಒಡಲಿನ ಒಂದು ಚೂರನ್ನು ಎಸೆಯುವುದು. ಎಸೆದೊಡನೆ ಅದು ಬೇರೊಂದು ಮೂಲವಸ್ತುವಿನ ಪರಮಾಣುವಾಗುವುದು. ಕಿರಣಗಳು ಆ ಪರಿವರ್ತನೆಯ ಗುರುತು. ರಸವಾದಿಗಳು ಶತಮಾನಗಳ ಕಾಲ ಮೂಸೆಯಲ್ಲಿ ಕಾಯಿಸಿ ಸಾಧಿಸಲಾರದೆ ಹೋದುದು ಕಲ್ಲಿನೊಳಗೆ ಯಾರ ಅಪ್ಪಣೆಯೂ ಇಲ್ಲದೆ ನಡೆಯುತ್ತಿದ್ದಿತು.

ಅರ್ಧಕ್ಕೆ ಇಳಿಯುವ ಕಾಲಕ್ಕೆ ಅರ್ಧಾಯು ಎಂದು ಹೆಸರು. ಇಲ್ಲಿ ಶಾಲೆಯ ಮಕ್ಕಳು ಮಾತ್ರವಲ್ಲ, ಓದಿದವರೂ ಎಡವುವುದುಂಟು. ರೇಡಿಯಮ್ಮಿನ ಅರ್ಧಾಯು ಸುಮಾರು ೧,೬೦೦ ವರ್ಷ. ಹಾಗಾದರೆ ೩,೨೦೦ ವರ್ಷಗಳಲ್ಲಿ ಎಲ್ಲವೂ ಮುಗಿಯುವುದೆಂದು ಹೇಳುವವರಿದ್ದಾರೆ. ಹಾಗಲ್ಲ, ಒಂದು ತೊಲ ರೇಡಿಯಮ್ಮು ೧,೬೦೦ ವರ್ಷಗಳಲ್ಲಿ ಅರ್ಧ ತೊಲವಾಗಿ, ೩,೨೦೦ ವರ್ಷಗಳಲ್ಲಿ ಕಾಲು ತೊಲವಾಗಿ, ೪,೮೦೦ ವರ್ಷಗಳಲ್ಲಿ ಅರೆಕಾಲು ತೊಲವಾಗಿ ಉಳಿಯುವುದು. ಇದರ ಹಿಂದಿರುವ ನಿಯಮವು ಜೀವವಿಮೆಯ ಲೆಕ್ಕವನ್ನು ಹೋಲುವುದು. ಈ ವರ್ಷ ಎಷ್ಟು ಜನ ತೀರಿಕೊಳ್ಳುವರೆಂದು ವಿಮೆಯವರು ಹೇಳಬಲ್ಲರು. ಯಾರು ಎಂದು ಹೇಳಲಾರರು. ಆದರೆ ಮನುಷ್ಯನಿಗೆ ಮುಪ್ಪು ಉಂಟು, ಪರಮಾಣುವಿಗೆ ಇಲ್ಲ. ಸಾವಿರ ವರ್ಷ ಬಾಳಿದ ರೇಡಿಯಂ ಪರಮಾಣುವಿಗೂ ಈಗ ತಾನೆ ಹುಟ್ಟಿದುದಕ್ಕೂ ಮುಂದಿನ ಗಳಿಗೆಯಲ್ಲಿ ಒಡೆಯುವ ಸಂಭವ ಒಂದೇ ಸಮನಾಗಿರುವುದು. ಒಂದೊಂದರ ವಿಷಯದಲ್ಲಿ ಏನೂ ಹೇಳಲಾಗದೆ, ಸಮೂಹದ ವಿಷಯದಲ್ಲಿ ನಿಶ್ಚಯವಾಗಿ ಹೇಳಬಲ್ಲ ಈ ನಿಯಮವು ಆ ಕಾಲದ ಭೌತಶಾಸ್ತ್ರಕ್ಕೆ ಹೊಸ ಪಾಠವಾಗಿದ್ದಿತು.

ಇದರಿಂದ ಭೂಮಿಯ ವಯಸ್ಸಿನ ವಿವಾದವೂ ಬಗೆಹರಿಯಿತು. ಭೂಮಿಯು ತಣಿಯುತ್ತಿರುವ ಗೋಳವೆಂಬ ಭಾವನೆಯಿಂದ ಲಾರ್ಡ್ ಕೆಲ್ವಿನನು ೧೮೯೭ರಲ್ಲಿ ಅದಕ್ಕೆ ಎರಡರಿಂದ ನಾಲ್ಕು ಕೋಟಿ ವರ್ಷಗಳ ಆಯಸ್ಸನ್ನು ಗೊತ್ತುಮಾಡಿದ್ದನು. ಬಂಡೆಗಳ ಪದರಗಳನ್ನು ಓದಿದ ಭೂವಿಜ್ಞಾನಿಗಳಿಗೆ ಅಷ್ಟು ಕಾಲ ಸಾಲದೆ ಇದ್ದಿತು. ಯುರೇನಿಯಮ್ಮಿನ ಅರ್ಧಾಯು ಸುಮಾರು ೪೫೦ ಕೋಟಿ ವರ್ಷ. ಅದು ಹದಿನಾಲ್ಕು ಮೆಟ್ಟಿಲು ಇಳಿದು ಕೊನೆಗೆ ಸೀಸವಾಗುವುದು. ಬಂಡೆಯಲ್ಲಿ ಯುರೇನಿಯಮ್ಮು ಎಷ್ಟು ಉಳಿದಿದೆ, ಸೀಸ ಎಷ್ಟು ಹುಟ್ಟಿದೆ ಎಂದು ನೋಡಿದರೆ ಬಂಡೆಯ ವಯಸ್ಸು ಸಿಕ್ಕುವುದು. ೧೯೦೭ರಲ್ಲಿ ಅಮೆರಿಕದ ಬೋಲ್ಟ್‌ವುಡ್ ಆರಂಭಿಸಿದ ಈ ಲೆಕ್ಕವು ಪರಿಷ್ಕಾರವಾಗುತ್ತ ಬಂದು, ಭೂಮಿಗೆ ಸುಮಾರು ೪೫೪ ಕೋಟಿ ವರ್ಷಗಳೆಂಬ ನಿರ್ಣಯದಲ್ಲಿ ನಿಂತಿದೆ.

ಇಷ್ಟಾದರೂ ಪರಮಾಣುವಿನ ಆಕಾರ ಗೊತ್ತಿರಲಿಲ್ಲ. ಧನವಿದ್ಯುತ್ತು ಗೋಳದ ತುಂಬ ಹರಡಿದೆಯೆಂದೂ, ಅದರಲ್ಲಿ ಎಲೆಕ್ಟ್ರಾನುಗಳು ಕಡುಬಿನಲ್ಲಿ ದ್ರಾಕ್ಷಿ ಹುದುಗಿದಂತೆ ನೆಟ್ಟಿವೆಯೆಂದೂ ಥಾಮ್ಸನ್ ಎಣಿಸಿದ್ದನು. ಇದನ್ನು ಪರೀಕ್ಷಿಸುವುದು ಹೇಗೆ? ಪರಮಾಣುವಿನೊಳಗೆ ಕಳುಹಿಸಲು ಪರಮಾಣುವಿನಷ್ಟೇ ಸಣ್ಣ ದೂತ ಬೇಕು. ರೇಡಿಯಮ್ಮು ಅಂಥ ದೂತರನ್ನು ಸೆಕೆಂಡಿಗೆ ಸುಮಾರು ೧೫,೦೦೦ ಕಿಲೋಮೀಟರ್ ವೇಗದಲ್ಲಿ ತಾನೇ ಕಳುಹಿಸುತ್ತಿದ್ದಿತು. ೧೯೦೯ರಲ್ಲಿ ಮ್ಯಾಂಚೆಸ್ಟರಿನಲ್ಲಿ ರುದರ್‌ಫರ್ಡನ ಸಹಾಯಕನಾದ ಗೈಗರನೂ, ಇಪ್ಪತ್ತು ವರ್ಷದ ವಿದ್ಯಾರ್ಥಿಯಾದ ಮಾರ್ಸ್‌ಡನನೂ, ಚಿನ್ನ, ಪ್ಲಾಟಿನಂ ಮೊದಲಾದ ಲೋಹಗಳ ಮೇಲೆ ಆಲ್ಫಾ ಕಣಗಳನ್ನು ಬಿಟ್ಟರು. ಕಣವು ಸತುವಿನ ಸಲ್ಫೈಡು ಬಳಿದ ಪರದೆಗೆ ತಾಕಿದಾಗ ಒಂದು ಸಣ್ಣ ಮಿಂಚು ಹೊಳೆಯುವುದು. ಕತ್ತಲೆಯ ಕೋಣೆಯಲ್ಲಿ ಕಣ್ಣು ಕತ್ತಲೆಗೆ ಹೊಂದುವ ತನಕ ಕುಳಿತು, ಸೂಕ್ಷ್ಮದರ್ಶಕದಲ್ಲಿ ಆ ಮಿಂಚುಗಳನ್ನು ಒಂದೊಂದಾಗಿ ಎಣಿಸಬೇಕಾಗಿದ್ದಿತು. ತೆಳುವಾದ ಚಿನ್ನದ ಹಾಳೆಗೆ ಬಿದ್ದ ಕಣಗಳಲ್ಲಿ ಬಹುಪಾಲು ಅಲ್ಲಿ ಏನೂ ಇಲ್ಲವೆಂಬಂತೆ ನೇರವಾಗಿ ದಾಟಿಹೋದುವು. ಆದರೆ ಬೆರಳೆಣಿಕೆಯಷ್ಟು ಕಣಗಳು ಬಂದ ದಿಕ್ಕಿಗೇ ಹಿಂದಿರುಗಿದುವು. ಪ್ಲಾಟಿನಮ್ಮಿನಿಂದ ಹೀಗೆ ಮರಳಿದುವು ಸುಮಾರು ೮,೦೦೦ಕ್ಕೆ ಒಂದು.

ಕಡುಬಿನಂತಹ ಪರಮಾಣುವಿನಲ್ಲಿ ಹೀಗಾಗುವಂತಿಲ್ಲ. ಹರಡಿಹೋದ ವಿದ್ಯುತ್ತು ವೇಗವಾದ ಕಣವನ್ನು ಅಲ್ಪಸ್ವಲ್ಪ ಸರಿಸೀತೇ ಹೊರತು ಹಿಂದಕ್ಕೆ ನೂಕಲಾರದು. ೧೯೧೧ರಲ್ಲಿ ರುದರ್‌ಫರ್ಡ್ ಲೆಕ್ಕ ಹಾಕಿ ತೀರ್ಮಾನಿಸಿದನು: ಪರಮಾಣುವಿನ ಒಂದು ಜಾತಿಯ ವಿದ್ಯುತ್ತೆಲ್ಲವೂ, ಹೆಚ್ಚು ಕಡಮೆ ತೂಕವೆಲ್ಲವೂ, ಅದರ ನಟ್ಟನಡುವೆ ಅತಿ ಚಿಕ್ಕ ಜಾಗದಲ್ಲಿ ಅಡಕವಾಗಿದೆ. ಇದೇ ಪರಮಾಣುವಿನ ಬೀಜ. ಯಾವ ಕೋನಕ್ಕೆ ಎಷ್ಟು ಕಣಗಳು ತಿರುಗಬೇಕೆಂದು ಅವನ ಸೂತ್ರವು ಹೇಳಿತೋ ಅಷ್ಟೇ ತಿರುಗುವುದನ್ನು ಗೈಗರ್, ಮಾರ್ಸ್‌ಡನರು ೧೯೧೩ರಲ್ಲಿ ಎಣಿಸಿ ತೋರಿಸಿದರು. ಚಿನ್ನದ ಪರಮಾಣುವಿನ ಬೀಜವನ್ನು ಒಂದು ರಾಗಿಯ ಕಾಳಿನಷ್ಟು ದೊಡ್ಡದಾಗಿ ಭಾವಿಸಿದರೆ ಪರಮಾಣುವು ಸುಮಾರು ನೂರು ಅಡಿ ಅಗಲದ ಮಂಟಪವಾದೀತು. ಪುಸ್ತಕದ ಚಿತ್ರದಲ್ಲಿ ಈ ಪ್ರಮಾಣವನ್ನು ತೋರಿಸುವುದು ಸಾಧ್ಯವೇ ಇಲ್ಲ. ಆ ಚಿತ್ರದಲ್ಲಿ ಚುಕ್ಕೆಯು ಇರಬೇಕಾದುದಕ್ಕಿಂತ ಸಾವಿರಾರು ಪಾಲು ದೊಡ್ಡದಾಗಿರುವುದೆಂದು ಉಪಾಧ್ಯಾಯರು ಒಂದು ಮಾತು ಹೇಳಿದರೆ ಲೇಸು.

ಇನ್ನು ವೃತ್ತಗಳ ಮಾತು. ಸುತ್ತುವ ಎಲೆಕ್ಟ್ರಾನು ಹಳೆಯ ನಿಯಮಗಳ ಪ್ರಕಾರ ಶಕ್ತಿಯನ್ನು ಕಳೆದುಕೊಂಡು ಕ್ಷಣಮಾತ್ರದಲ್ಲಿ ಬೀಜದೊಳಗೆ ಬೀಳಬೇಕು. ಬೀಳದಿರುವುದಕ್ಕೆ ಕಾರಣವನ್ನು ಹೇಳಲು ೧೯೧೩ರಲ್ಲಿ ಡೆನ್ಮಾರ್ಕಿನ ನೀಲ್ಸ್ ಬೋರನು ಕೆಲವು ಗೊತ್ತಾದ ಕಕ್ಷೆಗಳಿಗೆ ಮಾತ್ರ ಅವಕಾಶವಿತ್ತನು. ಜಲಜನಕದ ವರ್ಣಪಟಲದ ಗೆರೆಗಳು ಅವನ ಲೆಕ್ಕಕ್ಕೆ ಸರಿಹೋದುವು. ಅದೇ ಕಾಲದಲ್ಲಿ ಮೋಸ್ಲಿ ಎಂಬ ತರುಣನು ಮೂಲವಸ್ತುಗಳ ಕ್ಷ-ಕಿರಣಗಳನ್ನು ಅಳೆದು, ಮೆಂಡಲೀಫನ ಸಾಲಿನಲ್ಲಿ ಪ್ರತಿಯೊಂದರ ಸ್ಥಾನವನ್ನು ನಿಶ್ಚಯಿಸುವುದು ತೂಕವಲ್ಲ, ಬೀಜದ ಧನವಿದ್ಯುತ್ತಿನ ಸಂಖ್ಯೆ ಎಂದು ತೋರಿಸಿದನು. ಅವನು ೧೯೧೫ರ ಆಗಸ್ಟಿನಲ್ಲಿ ಗಲಿಪೊಲಿ ಯುದ್ಧರಂಗದಲ್ಲಿ ತನ್ನ ೨೭ನೆಯ ವಯಸ್ಸಿನಲ್ಲಿ ಮಡಿದನು. ಈ ಸಂಖ್ಯೆ ದೊರೆತ ಮೇಲೆ ಪರಿವರ್ತನೆಗಳು ಸುಲಭವಾದ ಕೂಡಿಕೆ ಕಳೆಯುವಿಕೆಗಳಾದುವು. ಆಲ್ಫಾ ಹೋದರೆ ಸಂಖ್ಯೆಯಲ್ಲಿ ಎರಡು, ತೂಕದಲ್ಲಿ ನಾಲ್ಕು ಇಳಿಯುವುದು. ಬೀಟಾ ಹೋದರೆ ಸಂಖ್ಯೆಯಲ್ಲಿ ಒಂದು ಏರುವುದು. ೯೨ನೆಯದಾದ ೨೩೮ ತೂಕದ ಯುರೇನಿಯಮ್ಮು ಎಂಟು ಆಲ್ಫಾ, ಆರು ಬೀಟಾಗಳನ್ನು ಎಸೆದರೆ ೮೨ನೆಯದಾದ ೨೦೬ ತೂಕದ ಸೀಸವಾಗುವುದು. ಆದರೆ ಬೋರನ ವೃತ್ತಗಳು ಬಹುಕಾಲ ನಿಲ್ಲಲಿಲ್ಲ. ೧೯೨೫-೨೬ರಲ್ಲಿ ಹೈಸೆನ್‌ಬರ್ಗ್, ಶ್ರೋಡಿಂಗರ್ ಮೊದಲಾದವರು ಕಟ್ಟಿದ ಹೊಸ ಗಣಿತದಲ್ಲಿ ಎಲೆಕ್ಟ್ರಾನಿಗೆ ನಿಶ್ಚಿತವಾದ ದಾರಿಯೇ ಇಲ್ಲ. ಇಂತಿಂಥ ಕಡೆ ಸಿಕ್ಕುವ ಸಂಭವ ಇಷ್ಟಿಷ್ಟು ಎಂದು ಮಾತ್ರ ಹೇಳಬಹುದು. ಶಾಲೆಯ ಚಿತ್ರವು ೧೯೧೩ರ ತಂಗುದಾಣ. ದಾರಿ ಅಲ್ಲಿಗೆ ಮುಗಿಯುವುದಿಲ್ಲ.

ಬೀಜದ ಒಳಗೂ ಇದೇ ಬಗೆಯಾಗಿ ತೆರೆಯಿತು. ೧೯೧೯ರಲ್ಲಿ ರುದರ್‌ಫರ್ಡ್ ಆಲ್ಫಾ ಕಣಗಳಿಂದ ಸಾರಜನಕವನ್ನು ತಾಡಿಸಿ ಅದರಿಂದ ಜಲಜನಕದ ಬೀಜ ಹೊರಬೀಳುವುದನ್ನು ವರದಿ ಮಾಡಿದನು, ಅದೇ ಪ್ರೋಟಾನು. ೧೯೩೨ರಲ್ಲಿ ಚಾಡ್ವಿಕ್ ವಿದ್ಯುತ್ತಿಲ್ಲದ ನ್ಯೂಟ್ರಾನನ್ನು ಕಂಡನು. ಬೀಟಾ ಕಿರಣವು ಮಾತ್ರ ಒಂದು ಒಗಟಾಗಿ ಉಳಿದಿದ್ದಿತು. ಬೀಜದಿಂದ ಹೊರಡುವ ಎಲೆಕ್ಟ್ರಾನುಗಳ ಶಕ್ತಿಯನ್ನು ಕೂಡಿಸಿ ನೋಡಿದರೆ ಲೆಕ್ಕದಲ್ಲಿ ಕೊರತೆ ಬೀಳುತ್ತಿದ್ದಿತು. ಕಾಣದ ಇನ್ನೊಂದು ಕಣವು ಆ ಶಕ್ತಿಯನ್ನು ಒಯ್ಯುತ್ತಿರಬೇಕೆಂದು ಪೌಲಿಯು ೧೯೩೦ರಲ್ಲಿ ಸೂಚಿಸಿದನು. ಎಲೆಕ್ಟ್ರಾನು ಬೀಜದೊಳಗೆ ಮೊದಲೇ ಇರುವುದಲ್ಲ, ನ್ಯೂಟ್ರಾನು ಪ್ರೋಟಾನಾಗುವಾಗ ನ್ಯೂಟ್ರಿನೋ ಎಂಬ ಆ ಕಣದೊಡನೆ ಹೊಸದಾಗಿ ಹುಟ್ಟುವುದೆಂದು ಫರ್ಮಿಯು ೧೯೩೪ರ ಹೊತ್ತಿಗೆ ವಿವರಿಸಿದನು. ನ್ಯೂಟ್ರಿನೋ ಪ್ರಯೋಗದಲ್ಲಿ ಸಿಕ್ಕಿದುದು ೧೯೫೬ರಲ್ಲಿ, ಅಮೆರಿಕದಲ್ಲಿ. ಈ ಕುಲದ ಕಣಗಳ ಶೋಧದಲ್ಲಿ ಕನ್ನಡನಾಡಿನ ನೆಲಕ್ಕೂ ಪಾಲುಂಟು. ವಾಯುಮಂಡಲದಲ್ಲಿ ವಿಶ್ವಕಿರಣಗಳಿಂದ ಹುಟ್ಟುವ ನ್ಯೂಟ್ರಿನೋಗಳನ್ನು ಹಿಡಿಯಬೇಕಾದರೆ ಇತರ ಕಣಗಳೆಲ್ಲ ತಡೆದುಹೋಗುವಷ್ಟು ಆಳದ ನೆಲ ಬೇಕು. ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಭಾರತ, ಜಪಾನು, ಬ್ರಿಟನ್ನುಗಳ ವಿಜ್ಞಾನಿಗಳು ಉಪಕರಣಗಳನ್ನಿರಿಸಿ ೧೯೬೫ರಲ್ಲಿ ಅವುಗಳ ಗುರುತನ್ನು ಕಂಡರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿಯೂ ಅವು ಕಾಣಿಸಿದುವು. ಕೋಲಾರದ ಗಣಿಗಳು ೨೦೦೧ರಲ್ಲಿ ಮುಚ್ಚಿದರೂ ವಿಜ್ಞಾನದ ಚರಿತ್ರೆಯಲ್ಲಿ ಅವುಗಳ ಈ ಕೆಲಸ ಉಳಿದಿದೆ.

ಈ ಜ್ಞಾನಕ್ಕೆ ತೆತ್ತ ಬೆಲೆಯನ್ನೂ ಮರೆಯುವಂತಿಲ್ಲ. ಮೇರಿ ಕ್ಯೂರಿಯು ೧೯೩೪ರಲ್ಲಿ ರಕ್ತವು ಹುಟ್ಟದ ರೋಗದಿಂದ ತೀರಿಕೊಂಡಳು. ಆಕೆಯ ಪ್ರಯೋಗಗಳ ಟಿಪ್ಪಣಿ ಪುಸ್ತಕಗಳು ಇಂದಿಗೂ ಕಿರಣಗಳನ್ನು ಸೂಸುತ್ತಿರುವುದರಿಂದ ಅವುಗಳನ್ನು ಸೀಸದ ಪೆಟ್ಟಿಗೆಗಳಲ್ಲಿ ಇಟ್ಟಿದ್ದಾರೆ. ಅಮೆರಿಕದಲ್ಲಿ ಗಡಿಯಾರದ ಮುಖಕ್ಕೆ ರೇಡಿಯಂ ಬಣ್ಣ ಬಳಿಯುತ್ತಿದ್ದ ಹೆಣ್ಣುಮಕ್ಕಳು ಕುಂಚದ ತುದಿಯನ್ನು ತುಟಿಯಲ್ಲಿ ಚೂಪುಮಾಡಿಕೊಂಡು, ೧೯೨೦ರ ದಶಕದಲ್ಲಿ ದವಡೆಯ ಎಲುಬು ಕೊಳೆತು ಸತ್ತರು. ೧೯೩೮ರ ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ಹಾನ್, ಸ್ಟ್ರಾಸ್‌ಮನ್ನರು ನ್ಯೂಟ್ರಾನು ತಾಕಿದ ಯುರೇನಿಯಮ್ಮಿನಲ್ಲಿ ಬೇರಿಯಮ್ಮನ್ನು ಕಂಡರು; ಬೀಜವು ಎರಡು ಹೋಳಾಗಿದೆಯೆಂದು ಲೀಸ ಮೈಟ್ನರಳೂ ಫ್ರಿಶನೂ ಅರ್ಥಮಾಡಿದರು. ಏಳು ವರ್ಷ ತುಂಬುವ ಮೊದಲೇ, ೧೯೪೫ರ ಆಗಸ್ಟು ೬ ಮತ್ತು ೯ರಂದು, ಹಿರೋಷಿಮಾ, ನಾಗಸಾಕಿ ಪಟ್ಟಣಗಳು ಸುಟ್ಟುಹೋದುವು.

ಇಂಥ ವಿಷಯದಲ್ಲಿ ಅರೆತಿಳಿವು ಅಪಾಯಕರ. ಆಸ್ಪತ್ರೆಯಲ್ಲಿ ಕ್ಷ-ಕಿರಣದ ಚಿತ್ರ ತೆಗೆಸಿಕೊಂಡವನನ್ನು ಮುಟ್ಟಲು ಅಂಜುವವರೂ, ವಿಕಿರಣಶೀಲವಾದ ಪುಡಿಯನ್ನು ಅಂಜಿಕೆಯಿಲ್ಲದೆ ಕೈಯಲ್ಲಿ ಹಿಡಿಯುವವರೂ ಒಂದೇ ತಪ್ಪನ್ನು ಮಾಡುತ್ತಾರೆ. ಕಿರಣವು ಮೈಮೇಲೆ ಬೀಳುವುದು ಬೇರೆ, ಕಿರಣ ಸೂಸುವ ವಸ್ತುವು ಮೈಗೆ ಅಂಟುವುದು ಬೇರೆ. ಕ್ಷ-ಕಿರಣ ಬಿದ್ದ ಮೈ ತಾನು ಕಿರಣ ಸೂಸುವುದಿಲ್ಲ. ಪುಡಿ ಒಳಹೊಕ್ಕರೆ ಮೈಯೊಳಗೇ ಕುಳಿತು ಸೂಸುತ್ತಿರುವುದು. ಗುಣಗಳ ಪಟ್ಟಿಯನ್ನು ಒಪ್ಪಿಸಿದವನಿಗೆ ಈ ಭೇದ ಹೊಳೆಯದೆ ಹೋಗಬಹುದು. ಕಿರಣವೆಂದರೆ ಪರಮಾಣುವು ಒಡೆದಾಗ ಹೊರಡುವ ಚೂರು ಎಂದು ಬಲ್ಲವನಿಗೆ ತಾನಾಗಿಯೇ ಹೊಳೆಯುವುದು.

ಆದುದರಿಂದ ಶಾಲೆಗಳಲ್ಲಿ ಈ ಎರಡು ಅಧ್ಯಾಯಗಳನ್ನು ಒಂದೇ ಕಥೆಯಾಗಿ ಹೇಳಬೇಕೆಂಬುದು ನಮ್ಮ ಅಭಿಪ್ರಾಯ. ಚುಕ್ಕೆಯನ್ನು ಬರೆಯುವಾಗ ಹಿಂದಿರುಗಿದ ಆಲ್ಫಾ ಕಣಗಳನ್ನೂ, ಅದರ ಪಕ್ಕದಲ್ಲಿ ಸಂಖ್ಯೆಯನ್ನು ಬರೆಯುವಾಗ ಮೋಸ್ಲಿಯ ಅಳತೆಯನ್ನೂ, ವೃತ್ತವನ್ನು ಎಳೆಯುವಾಗ ಅದು ಏಕೆ ಬಂದಿತು, ಏಕೆ ಹೋಯಿತು ಎಂಬುದನ್ನೂ ಹೇಳಿದರೆ ಹುಡುಗರಿಗೆ ಭಾರವಾಗಲಾರದು. ಚಿತ್ರಗಳು ಇದುವರೆಗೆ ಹಲವು ಸಲ ಬದಲಾಗಿವೆ, ಇನ್ನೂ ಬದಲಾಗಬಹುದು. ಆದರೆ ಕತ್ತಲೆಯ ಕೋಣೆಯಲ್ಲಿ ಕುಳಿತು ಎಣಿಸಿದ ಆ ಮಿಂಚುಗಳ ಸಂಖ್ಯೆ ಬದಲಾಗುವಂತಿಲ್ಲ. ಮುಂದೆ ಯಾರು ಯಾವ ಚಿತ್ರವನ್ನು ಬರೆದರೂ ಅದಕ್ಕೆ ಸರಿಹೊಂದುವಂತೆಯೇ ಬರೆಯಬೇಕಾಗುವುದು.